ಪಿಎಚ್‌ಡಿಗೆ ಮೊದಲು ಒಂದು ಸೀಜನ್ ಸಕ್ಕರೆ ಫ್ಯಾಕ್ಟರಿ

ಬಿಎಸ್ಸಿ ಕೊನೆ ವರ್ಷದ ಹುಡುಗರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ಎಂಎಸ್ಸಿ ಆದಮ್ಯಾಲ ಫ್ಯಾಕ್ಟರಿಗೆ ಹೋಗೂದೋ, ಪಿಎಚ್‌ಡಿ ಮಾಡೂದೋ, ಇಲ್ಲಾ ಬಿಎಡ್ ಮಾಡಿ ಸಾಲಿ ಹಿಡಿಯೂದೋ?" ನಾನು ಎಲ್ಲಾ ಕಡೆ ಸುತ್ತಿ ಬಂದವನು ಅಂತ ಅವರಿಗೆ ಗೊತ್ತು. ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಮಿಸ್ಟ್, ಆಮೇಲೆ ಪಿಎಚ್‌ಡಿ, ಆಮೇಲೆ ಡಿಸ್ಟಿಲರಿ, ಈಗ ಬೆಳಗಾವಿಯ ಒಂದು ಕಾಲೇಜಿನಲ್ಲಿ ಪಾಠ. ನನ್ನ ಉತ್ತರವೂ ಒಂದೇ. ಯಾವುದಕ್ಕಾದರೂ ಹೋಗು, ಆದರೆ ಮೊದಲು ಕಬ್ಬು ಅರೆಯುವ ಒಂದು ಸೀಜನ್ ಪೂರ್ತಿ ಫ್ಯಾಕ್ಟರಿ ಲ್ಯಾಬಿನಲ್ಲಿ ನಿಂತು ಬಾ. ಇದನ್ನು ಕೇಳಿದ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. ಅವರ ಮನಸ್ಸಿನಲ್ಲಿ ಫ್ಯಾಕ್ಟರಿ ಅಂದರೆ ಸೋತವರು ಹೋಗುವ ಜಾಗ, ಪಿಎಚ್‌ಡಿ ಅಂದರೆ ಗೆದ್ದವರದು. ಈ ವಿಚಾರ ತಲೆಯಲ್ಲಿ ಯಾರು ತುಂಬಿದರೋ ಗೊತ್ತಿಲ್ಲ, ಬಹುಶಃ ನಮ್ಮಂಥ ಮೇಷ್ಟ್ರುಗಳೇ.

ನಾನು ಎಂಎಸ್ಸಿ ಮಾಡಿದ್ದು ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಆಗ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇನ್ನೂ ಇರಲಿಲ್ಲ, ಅದು ಬಂದದ್ದು 2010ರಲ್ಲಿ. ಕೋರ್ಸ್ ಮುಗಿದು ಊರಿಗೆ ಬಂದಾಗ ಮನೆಯಲ್ಲಿ ದುಡ್ಡಿನ ಅಡಚಣೆ ಇತ್ತು. ಘಟಪ್ರಭಾ ದಂಡೆಯ ಊರು ನಮ್ಮದು, ಸುತ್ತ ಎಲ್ಲಿ ನೋಡಿದರೂ ಕಬ್ಬು. ಅಪ್ಪನ ಪರಿಚಯದವರೊಬ್ಬರು ಹೇಳಿದರು, ಫ್ಯಾಕ್ಟರಿಯಲ್ಲಿ ಲ್ಯಾಬ್ ಕೆಮಿಸ್ಟ್ ಬೇಕಂತೆ ಅಂತ. ಹೋದೆ. ದೊಡ್ಡ ಕನಸು ಏನೂ ಇರಲಿಲ್ಲ.

ಅಲ್ಲಿ ಏನು ಮಾಡುತ್ತೀರಿ ಅಂತ ಹುಡುಗರು ಕೇಳುತ್ತಾರೆ, ಹಾಗಾಗಿ ಹೇಳಿಬಿಡುತ್ತೇನೆ. ಗಂಟೆಗೊಮ್ಮೆ ಸ್ಯಾಂಪಲ್ ಬರುತ್ತದೆ. ಮಿಲ್ಲಿನಿಂದ ಮಿಕ್ಸ್ಡ್ ಜ್ಯೂಸ್, ಸುಣ್ಣ ಮತ್ತು ಸಲ್ಫರ್ ಡೈಆಕ್ಸೈಡ್ ಕೊಟ್ಟು ತಿಳಿ ಮಾಡಿದ ಕ್ಲಿಯರ್ ಜ್ಯೂಸ್, ಅದನ್ನು ಬತ್ತಿಸಿದ ಸಿರಪ್, ಆಮೇಲೆ ಕಾಕಂಬಿ, ಬಗಾಸು ಅಂದರೆ ಹಿಂಡಿದ ಸಿಪ್ಪೆ, ಪ್ರೆಸ್ ಮಡ್ ಅಂದರೆ ರಸ ಸೋಸಿದಾಗ ಉಳಿಯುವ ಕೆಸರು. ಹಸಿ ರಸದ ಪಿಎಚ್ 5ರ ಮೇಲೆ ಸ್ವಲ್ಪ ಇರುತ್ತದೆ, ಅದನ್ನು 7ರ ಆಸುಪಾಸಿಗೆ ತರಬೇಕು. ಕಡಿಮೆಯಾದರೆ ಬಿಸಿಗೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅಂದರೆ ಚೀಲಕ್ಕೆ ಹೋಗಬೇಕಾದ ಸಕ್ಕರೆ ಕಾಕಂಬಿಗೆ ಹೋಗುತ್ತದೆ. ಜಾಸ್ತಿಯಾದರೆ ರಸಕ್ಕೆ ಬಣ್ಣ ಬರುತ್ತದೆ. ಪ್ರತಿ ಸ್ಯಾಂಪಲ್ಲಿಗೂ ಬ್ರಿಕ್ಸ್ ನೋಡು, ಪೋಲ್ ನೋಡು, ಪ್ಯೂರಿಟಿ ಹಾಕು. ಬ್ರಿಕ್ಸ್ ಅಂದರೆ ರಸದಲ್ಲಿ ಕರಗಿರುವುದೆಲ್ಲಾ, ಪೋಲ್ ಅಂದರೆ, ರಸ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ನೋಡಿ ಪೋಲಾರಿಮೀಟರ್ ಅನ್ನುವ ಉಪಕರಣ ತೋರಿಸುವ ಸಕ್ಕರೆ. ಎರಡರ ಅನುಪಾತವೇ ಪ್ಯೂರಿಟಿ. ಕೇಳಲಿಕ್ಕೆ ಎಷ್ಟು ಸಲೀಸು ನೋಡಿ.

ಧಾರವಾಡದಲ್ಲಿ ಪೋಲಾರಿಮೀಟರನ್ನು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು, ಪರೀಕ್ಷೆಗೆ ಮಾತ್ರ ಹೊರಗೆ. ಇಲ್ಲಿ ಅದು ರಾತ್ರಿ ಎರಡು ಗಂಟೆಗೂ ನಡೆಯುತ್ತಿತ್ತು, ಮೇಲೆಲ್ಲಾ ರಸದ ಅಂಟು.

ಒಂದು ವಿಷಯ ಮಾತ್ರ ವಿವರವಾಗಿ ಹೇಳಬೇಕು. ಸೀಜನ್ ಕೊನೆ, ಬಿಸಿಲು ಏರಿತ್ತು. ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಯಾರ್ಡಿನಲ್ಲಿ ಸಾಲು ನಿಂತಿತ್ತು. ನಮ್ಮ ಲ್ಯಾಬಿನಲ್ಲಿ ಪೋಲ್ ಚೆನ್ನಾಗೇ ಬರುತ್ತಿತ್ತು. ಆದರೆ ಮೇಲೆ ಪ್ಯಾನ್ ಹತ್ತಿರ, ಅಂದರೆ ಸಿರಪ್ ಕುದಿಸಿ ಹರಳು ಕಟ್ಟಿಸುವ ದೊಡ್ಡ ಪಾತ್ರೆಯ ಹತ್ತಿರ, ಗದ್ದಲ. ಪ್ಯಾನ್‌ಮನ್ ಕಾಕಾ ಅಂತ ಎಲ್ಲರೂ ಕರೆಯುವ ಹಿರಿಯರೊಬ್ಬರು ಇದ್ದರು. ಶಾಲೆ ಎಷ್ಟು ಓದಿದ್ದರೋ ಏನೋ, ಪ್ಯಾನಿನಿಂದ ಒಂದು ತೊಟ್ಟು ತೆಗೆದು ಗಾಜಿನ ಮೇಲೆ ಸವರಿ ಬೆಳಕಿಗೆ ಹಿಡಿದು ನೋಡಿದರೆ ಸಾಕು, ಒಳಗೆ ಏನು ನಡೆದಿದೆ ಅಂತ ಹೇಳುತ್ತಿದ್ದರು. ಅವರು ಕೆಳಗೆ ಇಳಿದು ಬಂದು ನನಗೆ ಹೇಳಿದರು, "ಸಾಹೇಬ್ರ, ನಿಮ್ಮ ಪೋಲ್ ಚಲೋ ಐತಿ ಅಂತೀರಿ. ಕಾಳ ಬೆಳೀವಲ್ದು ನೋಡ್ರಿ. ಉದ್ದಕ ಸೂಜಿ ಆಗಾಕತ್ತಾವ."

ಮೆಷೀನ್ ಸಕ್ಕರೆ ಇದೆ ಅನ್ನುತ್ತದೆ, ಮನುಷ್ಯ ಇಲ್ಲ ಅನ್ನುತ್ತಾನೆ. ಇಬ್ಬರೂ ಸರಿ. ಕಡಿದ ಕಬ್ಬಿನ ತುದಿಯಿಂದ ಲ್ಯೂಕೋನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಅದು ಸುಕ್ರೋಸನ್ನು ಒಡೆದು, ಗ್ಲೂಕೋಸ್ ತುಂಡುಗಳನ್ನು ಒಂದಕ್ಕೊಂದು ಕಟ್ಟಿ ಡೆಕ್ಸ್‌ಟ್ರಾನ್ ಅನ್ನುವ ಲೋಳೆ ಮಾಡುತ್ತದೆ, ಫ್ರಕ್ಟೋಸನ್ನು ಹಾಗೇ ಬಿಟ್ಟುಬಿಡುತ್ತದೆ. ಈ ಡೆಕ್ಸ್‌ಟ್ರಾನ್ ಕೂಡ ಬೆಳಕನ್ನು ಬಲಕ್ಕೇ ತಿರುಗಿಸುತ್ತದೆ, ಅದೂ ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು. ಪೋಲಾರಿಮೀಟರಿಗೆ ಇದು ಸಕ್ಕರೆ, ಅದು ಲೋಳೆ ಅಂತ ಭೇದ ಗೊತ್ತಿಲ್ಲ. ತಿರುಗಿದ್ದನ್ನೆಲ್ಲಾ ಸಕ್ಕರೆ ಅಂತ ಲೆಕ್ಕ ಹಾಕುತ್ತದೆ. ಹೀಗಾಗಿ ಕಬ್ಬು ಹಳಸಿದಾಗ ಕಾಗದದ ಮೇಲೆ ಸಕ್ಕರೆ ಇರುತ್ತದೆ, ಪ್ಯಾನಿನಲ್ಲಿ ಇರುವುದಿಲ್ಲ. ಮೇಲಿಂದ ರಸ ಗಟ್ಟಿ, ಫಿಲ್ಟರ್ ನಿಧಾನ, ಹರಳು ಚೌಕ ಬೆಳೆಯುವ ಬದಲು ಸೂಜಿಯಂತೆ ಒಂದೇ ಕಡೆ ಉದ್ದ.

ಸುಕ್ರೋಸಿನ ನಿರ್ದಿಷ್ಟ ಭ್ರಮಣ, ಅಂದರೆ ಅದು ಬೆಳಕನ್ನು ತಿರುಗಿಸುವ ಅಳತೆ, +66.5 ಅಂತ ನಾನು ಎಷ್ಟು ಸಲ ಬರೆದಿದ್ದೆನೋ. ಆದರೆ ಆ ಸಂಖ್ಯೆ ಸುಳ್ಳು ಹೇಳಬಹುದು, ಮತ್ತು ಯಾವಾಗ ಹೇಳುತ್ತದೆ ಅನ್ನುವುದನ್ನು ಮೊದಲು ಹಿಡಿದದ್ದು ಲ್ಯಾಬ್ ಅಲ್ಲ, ಗಾಜಿನ ಮೇಲೆ ಪಾಕ ಸವರಿ ನೋಡುವ ಮನುಷ್ಯ. ಇದು ಯಾವ ಎಂಎಸ್ಸಿ ಪೇಪರಿನಲ್ಲೂ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು. ಲ್ಯಾಬಿನ ಲೆಕ್ಕಕ್ಕೆ ಹೊರಗೆ ಕಾಯುವವರು ಇರುತ್ತಾರೆ. ಶಿಫ್ಟ್ ಮುಗಿಸಿ ಗೇಟಿನ ಹೊರಗೆ ಚಹಾಕ್ಕೆ ನಿಂತರೆ ಟ್ರ್ಯಾಕ್ಟರಿನವರು ಕೇಳುತ್ತಿದ್ದರು, "ಏನ್ ತಮ್ಮಾ, ಇವತ್ತ ರಿಕವರಿ ಎಷ್ಟ್ ಬಂತು?" ರಿಕವರಿ ಅಂದರೆ ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಅನ್ನುವ ಲೆಕ್ಕ. ಸುಮ್ನೆ ಮಾತಿಗೆ ಕೇಳುವುದಲ್ಲ ಅದು. 2025-26ರ ಸೀಜನ್ನಿಗೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 355 ರೂಪಾಯಿ, ಅದು 10.25 ಪರ್ಸೆಂಟ್ ರಿಕವರಿಗೆ. ಅದಕ್ಕಿಂತ ಮೇಲೆ ಪ್ರತಿ 0.1 ಪರ್ಸೆಂಟಿಗೆ 3.46 ರೂಪಾಯಿ ಸೇರುತ್ತದೆ, ಕೆಳಗೆ ಇಳಿದರೆ ಅಷ್ಟೇ ಕಳೆಯುತ್ತದೆ, 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ 329.05ಕ್ಕೆ ನಿಲ್ಲುತ್ತದೆ. ಅಂದರೆ ದಶಾಂಶದ ಆಚೆಯ ಒಂದು ಅಂಕಿ ಟನ್ನಿಗೆ 34 ರೂಪಾಯಿ 60 ಪೈಸೆ. ಈ ರಿಕವರಿ ಒಬ್ಬೊಬ್ಬರ ಗಾಡಿಗೆ ಬೇರೆ ಬೇರೆ ತೆಗೆಯುವುದಲ್ಲ, ಇಡೀ ಕಾರ್ಖಾನೆಗೆ ಒಂದೇ ಲೆಕ್ಕ. ಹಾಗಾಗಿ ಒಬ್ಬ ರೈತ ಎಷ್ಟೇ ಚೆನ್ನಾಗಿ ಬೆಳೆದರೂ, ಯಾರ್ಡಿನಲ್ಲಿ ಕಬ್ಬು ಒಣಗಿದರೆ ಎಲ್ಲರಿಗೂ ಪೆಟ್ಟು. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೇಳಿ ರಸ್ತೆಯಲ್ಲಿ ಕೂತಾಗ ಟಿವಿಯಲ್ಲಿ ಎಲ್ಲರೂ ರಾಜಕೀಯ ಮಾತಾಡಿದರು. ನನ್ನ ಕಿವಿಗೆ ಮಾತ್ರ ಮತ್ತೆ ಮತ್ತೆ ಬಿದ್ದದ್ದು ರಿಕವರಿ ಅನ್ನುವ ಪದ. ಆ ಲೆಕ್ಕ ಎಲ್ಲಿ ಹುಟ್ಟುತ್ತದೆ, ಯಾರು ಬರೆಯುತ್ತಾರೆ ಅಂತ ನಮ್ಮ ಕೆಮಿಸ್ಟ್ರಿ ಹುಡುಗರಿಗಾದರೂ ಗೊತ್ತಿರಬೇಕು ಅಲ್ವಾ? ಅವರಲ್ಲಿ ಅರ್ಧ ಜನ ಕಬ್ಬು ಬೆಳೆಯುವವರ ಮಕ್ಕಳೇ.

ಫ್ಯಾಕ್ಟರಿಯನ್ನು ಸುಮ್ನೆ ಹೊಗಳುತ್ತಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ, ನೈಟ್ ಶಿಫ್ಟಿನ ಲಾಗ್‌ಶೀಟ್ ಬೆಳಗಿನ ಜಾವ ಒಂದೇ ಪೆನ್ನಿನಲ್ಲಿ ಒಂದೇ ಕೈಬರಹದಲ್ಲಿ ಪೂರ್ತಿ ತುಂಬುತ್ತಿತ್ತು. ರೀಡಿಂಗ್ ಎಲ್ಲಾ ಹಿಂದಿನ ದಿನದ ಸುತ್ತಮುತ್ತ. ಕೇಳಿದರೆ "ಎಲ್ಲಾ ಕಡೆ ಹಿಂಗ ರೀ" ಅನ್ನುತ್ತಿದ್ದರು. ನಾನು ಕೇಳುವುದು ಕಡಿಮೆ ಮಾಡಲಿಲ್ಲ, ಅವರು ತುಂಬುವುದೂ ಕಡಿಮೆ ಮಾಡಲಿಲ್ಲ. ಸೀಜನ್ ಮುಗಿದ ಮೇಲೆ ಕೆಲಸಗಾರರಿಗೆ ಅರ್ಧ ಸಂಬಳ, ಕೆಲವರಿಗೆ ಅದೂ ಇಲ್ಲ. ಮನಸ್ಸು ಬೇರೆ ಕಡೆ ತಿರುಗಿತು.

ಪಿಎಚ್‌ಡಿಗೆ ಸೇರಿದೆ. ವಿಷಯ ಜಿಯೋಲೈಟ್, ಅಂದರೆ ಒಳಗೆಲ್ಲಾ ಅಣುವಿನಷ್ಟು ಸಣ್ಣ ತೂತುಗಳಿರುವ ಒಂದು ಜಾತಿಯ ಖನಿಜ. ಚೀಫ್ ಕೆಮಿಸ್ಟ್ ಕೇಳುತ್ತಿದ್ದದ್ದು "ಈಗ ಎಷ್ಟು?" ಅಂತ. ನನ್ನ ಗೈಡ್ ಕೇಳುತ್ತಿದ್ದದ್ದು "ಮತ್ತೊಮ್ಮೆ ಮಾಡಿದರೆ ಇದೇ ಬರುತ್ತಾ?" ಅಂತ. ಮೊದಲ ವರ್ಷ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಲ್ಲಿ ಒಂದು ಗಂಟೆಯಲ್ಲಿ ಉತ್ತರ, ಇಲ್ಲಿ ಎಕ್ಸ್‌ಆರ್‌ಡಿಗೆ, ಅಂದರೆ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆಗೆ, ಸ್ಯಾಂಪಲ್ ಕಳಿಸಿ ವಾರಗಟ್ಟಲೆ ಕಾಯಬೇಕು, ಬಂದ ಮೇಲೆ ಗೈಡ್ ಇನ್ನೊಂದು ಸಲ ಕಳಿಸು ಅನ್ನುತ್ತಾರೆ. ಜೊತೆಯವರು ಇದನ್ನೆಲ್ಲಾ ಆರಾಮಾಗಿ ಮಾಡುತ್ತಿದ್ದರು. ಆದರೆ ಅವರಿಗೆ ಗೊತ್ತಿಲ್ಲದ ಒಂದು ಚಟ ನನಗಿತ್ತು. ಯಾವ ರೀಡಿಂಗ್ ಬಂದರೂ ಇದನ್ನು ಯಾವುದು ಮೋಸ ಮಾಡುತ್ತಿರಬಹುದು ಅಂತ ಮೊದಲು ಹುಡುಕುವುದು. ಅದು ಪ್ಯಾನ್‌ಮನ್ ಕಾಕಾ ಹಚ್ಚಿದ ಚಟ.

ಫೆಲೋಶಿಪ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಮೊದಲ ಎರಡು ವರ್ಷದ ಫೆಲೋಶಿಪ್, ತಿಂಗಳಿಗೆ 37,000, ಆಮೇಲಿನ ಎಸ್‌ಆರ್‌ಎಫ್ 42,000. ನೆಟ್ ಪರೀಕ್ಷೆ ಪಾಸಾಗಿ ಅದು ಸಿಕ್ಕರೆ ಬದುಕಬಹುದು. ಸಿಗದೇ ಪಿಎಚ್‌ಡಿಗೆ ಕೂತರೆ ಮನೆಯವರ ಮುಖ ನೋಡುವುದು ಕಷ್ಟ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಆಮೇಲೆ ನನ್ನ ಜಿಯೋಲೈಟ್ ನನ್ನನ್ನು ವಾಪಸ್ ಕಬ್ಬಿನ ಹತ್ತಿರವೇ, ಒಂದು ಡಿಸ್ಟಿಲರಿಗೆ ತಂದಿತು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕೆಲಸ ದೊಡ್ಡದಾಗುತ್ತಿದ್ದ ಹೊತ್ತು ಅದು. ಕಾಕಂಬಿಯನ್ನು ಯೀಸ್ಟ್ ಹಾಕಿ ಹುದುಗಿಸಿ ಬಟ್ಟಿ ಇಳಿಸಿದರೆ ಎಷ್ಟೇ ಹೆಣಗಿದರೂ ತೂಕದಲ್ಲಿ 95.6 ಪರ್ಸೆಂಟಿಗೆ ಆಲ್ಕೋಹಾಲ್ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನೀರು ಮತ್ತು ಆಲ್ಕೋಹಾಲ್ ಒಟ್ಟಿಗೇ ಆವಿಯಾಗುತ್ತವೆ, ಇದೇ ಬಿಎಸ್ಸಿಯ ಅಜಿಯೋಟ್ರೋಪ್. ಇಂಧನಕ್ಕೆ ಬೇಕಾದದ್ದು 99.5ಕ್ಕಿಂತ ಮೇಲೆ. ಆ ಉಳಿದ ನೀರನ್ನು ತೆಗೆಯುವುದು ಜಿಯೋಲೈಟ್. 3ಎ ಅನ್ನುವ ಜಾತಿಯ ತೂತು ಸುಮಾರು 3 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ನೀರಿನ ಅಣು 2.8, ಎಥನಾಲ್ 4.4. ನೀರು ಒಳಗೆ ಹೋಗಿ ಕೂರುತ್ತದೆ, ಎಥನಾಲ್ ಹೊರಗೇ ಉಳಿದು ಮುಂದೆ ಹೋಗುತ್ತದೆ. ನಾನು ಗ್ರಾಂ ಲೆಕ್ಕದಲ್ಲಿ ನೋಡಿದ್ದ ವಸ್ತು ಅಲ್ಲಿ ಮನೆಯೆತ್ತರದ ಟವರಿನಲ್ಲಿ ಟನ್ನುಗಟ್ಟಲೆ ತುಂಬಿತ್ತು. ಒಂದು ಟವರ್ ನೀರು ಹೀರುವಾಗ ಇನ್ನೊಂದನ್ನು ನಿರ್ವಾತದಲ್ಲಿ ಒಣಗಿಸುತ್ತಾರೆ, ಕೆಲವೇ ನಿಮಿಷಕ್ಕೊಮ್ಮೆ ಅದಲು ಬದಲು. ಒಳಗೆ ಹೋಗುವ ಆವಿಯಲ್ಲಿ ದ್ರವದ ಹನಿ ಬಂತೋ, ಟವರಿನೊಳಗಿನ ಜಿಯೋಲೈಟ್ ಗುಂಡುಗಳು ಪುಡಿಪುಡಿ.

ಒಂದು ಮಳೆಗಾಲ ನಮ್ಮ ಎಥನಾಲಿನಲ್ಲಿ ನೀರಿನ ಅಂಶ ಏರುತ್ತಾ ಹೋಯಿತು. ಜಿಯೋಲೈಟ್ ಗುಂಡುಗಳ ಆಯಸ್ಸು ಮುಗಿಯಿತು, ಬದಲಿಸಬೇಕು ಅಂತ ಎಲ್ಲರೂ ಹೇಳಿದರು. ಅದು ಲಕ್ಷಗಟ್ಟಲೆ ಖರ್ಚಿನ ಮಾತು. ಆದರೆ ಎಲ್ಲಾ ಶಿಫ್ಟಿನಲ್ಲೂ ಒಂದೇ ತರ ಏರುತ್ತಿರಲಿಲ್ಲ. ಗುಂಡು ಸತ್ತಿದ್ದರೆ ಯಾವ ಶಿಫ್ಟ್ ಅಂತ ನೋಡುತ್ತದಾ? ಒಂದೇ ಸ್ಯಾಂಪಲನ್ನು ಎರಡು ಬಾಟಲಿಗೆ ತುಂಬಿಸಿದೆ. ಒಂದನ್ನು ಬಿಗಿಯಾಗಿ ಮುಚ್ಚಿ ಕೂಡಲೇ ಪರೀಕ್ಷೆ ಮಾಡಿದೆ. ಇನ್ನೊಂದನ್ನು ಮುಚ್ಚಳ ಸಡಿಲ ಬಿಟ್ಟು ಮೇಜಿನ ಮೇಲೆ ಇಟ್ಟು ಆಮೇಲೆ ಮಾಡಿದೆ. ಎರಡನೆಯದರಲ್ಲಿ ನೀರು ಎದ್ದು ಕಾಣುವಷ್ಟು ಜಾಸ್ತಿ. ಒಣ ಎಥನಾಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಬೆಳಗಾವಿ ಮಳೆಯ ಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯಾವ ಶಿಫ್ಟಿನವರು ಸ್ಯಾಂಪಲ್‌ಗಳನ್ನು ಸಾಲಾಗಿ ಇಟ್ಟು ಒಟ್ಟಿಗೆ ಟೆಸ್ಟ್ ಮಾಡುತ್ತಿದ್ದರೋ ಅವರ ರೀಡಿಂಗೇ ಏರುತ್ತಿತ್ತು. ಗುಂಡುಗಳು ಇನ್ನೂ ಕೆಲವು ಕಾಲ ಚೆನ್ನಾಗೇ ನಡೆದವು. ಈ ಎರಡು ಬಾಟಲಿಯ ಬುದ್ಧಿ ನನಗೆ ಬಂದದ್ದು ಫ್ಯಾಕ್ಟರಿಯಿಂದ ಅಲ್ಲ, ಗೈಡ್ ಹತ್ತಿರ ಬೈಸಿಕೊಂಡ ವರ್ಷಗಳಿಂದ. ಅದಕ್ಕೇ ಪಿಎಚ್‌ಡಿ ಬೇಡ ಅಂತ ನಾನು ಹೇಳುವುದಿಲ್ಲ. ಮೊದಲು ಸೀಜನ್, ಆಮೇಲೆ ಪಿಎಚ್‌ಡಿ ಅಂತಷ್ಟೇ ಹೇಳುತ್ತೇನೆ.

ಆ ನೀರು ಅಳೆಯುವ ವಿಧಾನ ಕಾರ್ಲ್ ಫಿಷರ್ ಟೈಟ್ರೇಶನ್. ಟೈಟ್ರೇಶನ್ ಅಂದರೆ ಗೊತ್ತಿರುವ ದ್ರಾವಣವನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಎಷ್ಟು ಹಿಡಿಯಿತು ಅಂತ ನೋಡಿ ಅಳೆಯುವುದು. ಕಾರ್ಲ್ ಫಿಷರ್ ಪೆಟ್ರೋಲಿಯಂ ಉದ್ಯಮದಲ್ಲಿದ್ದ ಜರ್ಮನ್ ಕೆಮಿಸ್ಟ್. ದ್ರವ ಸಲ್ಫರ್ ಡೈಆಕ್ಸೈಡಿನಲ್ಲಿ ನೀರು ಎಷ್ಟಿದೆ ಅಂತ ತಿಳಿಯಬೇಕಿತ್ತು, ಅದಕ್ಕೆ ಒಂದು ದಾರಿ ಹುಡುಕಿ 1935ರಲ್ಲಿ ಪ್ರಕಟಿಸಿದ. ಇವತ್ತು ಔಷಧಿ ಕಂಪನಿಯಿಂದ ಹಿಡಿದು ಯೂನಿವರ್ಸಿಟಿವರೆಗೆ ಅದು ಇಲ್ಲದ ಲ್ಯಾಬ್ ಕಡಿಮೆ. ನಮ್ಮಲ್ಲಿ ಕೆಮಿಸ್ಟ್ ಪ್ರಫುಲ್ಲಚಂದ್ರ ರೇ ಅವರನ್ನು ನೋಡಿ. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ, ಅಲ್ಲೇ 1896ರಲ್ಲಿ ಮರ್ಕ್ಯುರಸ್ ನೈಟ್ರೈಟ್ ಅನ್ನುವ ಸಂಯುಕ್ತದ ಸಂಶೋಧನೆ, 1901ರಲ್ಲಿ ಬೆಂಗಾಲ್ ಕೆಮಿಕಲ್ಸ್ ಕಂಪನಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಲ್ಲ ಅವರು, ಎಲ್ಲವನ್ನೂ ಒಟ್ಟಿಗೇ ನಡೆಸಿದರು. ಕಾಲೇಜು, ಲ್ಯಾಬು, ಫ್ಯಾಕ್ಟರಿ ನಡುವೆ ಗೋಡೆ ಕಟ್ಟಿದ್ದು ಆಮೇಲಿನವರು.

ಈಗ ಪಾಠದ ವಿಷಯ. ಕಾಲೇಜಿಗೆ ಬಂದ ಮೇಲೆ ನನಗೆ ಎಲ್ಲಕ್ಕಿಂತ ಕಿರಿಕಿರಿ ಮಾಡಿದ್ದು ಬ್ಯುರೆಟ್ ರೀಡಿಂಗ್, ಅಂದರೆ ಟೈಟ್ರೇಶನ್ನಿನಲ್ಲಿ ಎಷ್ಟು ದ್ರಾವಣ ಇಳಿಯಿತು ಅಂತ ಗಾಜಿನ ಕೊಳವೆ ನೋಡಿ ಬರೆಯುವ ಅಂಕಿ. ಹುಡುಗರ ಜರ್ನಲ್ ತೆಗೆದರೆ 10.0, 10.0, 10.0. ಮೂರು ಸಲ ಮಾಡಿದರೂ ಅದೇ, ಪಕ್ಕದವನದೂ ಅದೇ, ಹಿಂದಿನ ವರ್ಷದ ಸೀನಿಯರದೂ ಅದೇ. ಉತ್ತರ ಮೊದಲೇ ಗೊತ್ತಿರುತ್ತದೆ, ರೀಡಿಂಗ್ ಆಮೇಲೆ ಹುಟ್ಟುತ್ತದೆ. ಈ ಹುಡುಗನೇ ನಾಳೆ ಬೆಳಗಿನ ಜಾವ ಒಂದೇ ಪೆನ್ನಿನಲ್ಲಿ ಲಾಗ್‌ಶೀಟ್ ತುಂಬುವವನು, ನಾಡಿದ್ದು ಥೀಸಿಸ್ ಗ್ರಾಫಿನಲ್ಲಿ ಗೆರೆಗೆ ಕೂರದ ಚುಕ್ಕಿ ಅಳಿಸುವವನು. ಅದಕ್ಕೆ ನಾನು ಪ್ರತಿಯೊಬ್ಬರಿಗೂ ಬೇರೆ ಬೇರೆ ನಾರ್ಮಾಲಿಟಿಯ, ಅಂದರೆ ಸಾಂದ್ರತೆಯ, ದ್ರಾವಣ ಕೊಡಲು ಶುರು ಮಾಡಿದೆ. ಎಷ್ಟು ಅಂತ ನನ್ನ ಡೈರಿಯಲ್ಲಿ ಮಾತ್ರ ಇರುತ್ತದೆ. 9.7, 9.8, 9.7 ಅಂತ ಬರೆದವನಿಗೆ ಪೂರ್ತಿ ಮಾರ್ಕ್ಸ್, 10.0 ಬರೆದವನಿಗೆ ಮತ್ತೊಮ್ಮೆ ಮಾಡು. ಅಟೆಂಡರ್‌ಗೆ ಕೆಲಸ ಜಾಸ್ತಿ ಆಯಿತು, ಅವರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಅದು ನ್ಯಾಯವೇ.

ಡೈಕ್ರೋಮೇಟ್ ಟೈಟ್ರೇಶನ್ ಮಾಡಿಸುವಾಗ ಡಿಸ್ಟಿಲರಿಯ ಸ್ಪೆಂಟ್ ವಾಶ್, ಅಂದರೆ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕೊಳಕು ನೀರಿನ ಬಗ್ಗೆ ಹೇಳುತ್ತೇನೆ. ಕಪ್ಪಗೆ ಕಾಫಿ ಬಣ್ಣದ ಆ ನೀರಿನ ಸಿಒಡಿ, ಅಂದರೆ ಅದರ ಕೊಳೆಯನ್ನು ಆಕ್ಸಿಡೈಸ್ ಮಾಡಲು ಬೇಕಾಗುವ ಆಕ್ಸಿಜನ್, ಲೀಟರಿಗೆ ಲಕ್ಷ ಮಿಲಿಗ್ರಾಂ ಹತ್ತಿರ ಇರುತ್ತದೆ, ಹೊಳೆಗೆ ಬಿಟ್ಟರೆ ಮೀನು ಉಳಿಯುವುದಿಲ್ಲ. ಆ ಸಿಒಡಿ ಅಳೆಯುವುದು ಇದೇ ಡೈಕ್ರೋಮೇಟಿನಿಂದ, ಉಳಿದ ಡೈಕ್ರೋಮೇಟನ್ನು ಇದೇ ಫೆರಸ್ ಅಮೋನಿಯಂ ಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಆಗ ಹಿಂದಿನ ಬೆಂಚೂ ತಲೆ ಎತ್ತುತ್ತದೆ. ಎಸ್ಟರ್ ಪಾಠ ಮಾಡುವಾಗ ತಿಕೋಟಾ ಕಡೆಯ ಹುಡುಗಿಯೊಬ್ಬಳು, "ಸರ್, ನಮ್ಮ ಮನ್ಯಾಗ ದ್ರಾಕ್ಷಿ ಅದ್ದೂ ಡಿಪ್ಪಿಂಗ್ ಆಯಿಲ್ ಇದ ಏನ್ರಿ?" ಅಂದಳು. ಹೌದು, ಅದೇ. ಈಥೈಲ್ ಓಲಿಯೇಟ್. ಪೊಟ್ಯಾಸಿಯಂ ಕಾರ್ಬೋನೇಟ್ ಜೊತೆ ನೀರಿಗೆ ಹಾಕಿ ದ್ರಾಕ್ಷಿ ಅದ್ದಿದರೆ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗಿ ಒಳಗಿನ ನೀರು ಬೇಗ ಹೊರಗೆ ಬರುತ್ತದೆ, ನೆರಳಿನಲ್ಲೇ ಎರಡು ವಾರದ ಆಸುಪಾಸಿನಲ್ಲಿ ಒಣದ್ರಾಕ್ಷಿ ರೆಡಿ. ವಿಜಯಪುರ ಜಿಲ್ಲೆಯ ಎಷ್ಟೋ ಮನೆಯವರು ಸೀಜನ್ನಿಗೊಮ್ಮೆ ಈ ಕೆಮಿಸ್ಟ್ರಿ ಮಾಡುತ್ತಾರೆ. ಅವತ್ತು ಉಳಿದ ಪಾಠ ಅವಳೇ ಮಾಡಿದಳು, ಕಾರ್ಬೋನೇಟ್ ಎಷ್ಟು, ಎಣ್ಣೆ ಎಷ್ಟು, ಮಳೆ ಬಂದರೆ ಏನು ಗತಿ ಎಲ್ಲಾ.

2022ರಲ್ಲಿ ಯುಜಿಸಿ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಒಂದು ದಾರಿ ತೆರೆಯಿತು. ಹದಿನೈದು ವರ್ಷ ಕೆಲಸ ಮಾಡಿದ ಅನುಭವ ಇದ್ದರೆ ಪಿಎಚ್‌ಡಿ ಇಲ್ಲದಿದ್ದರೂ ಕಾಲೇಜಿನಲ್ಲಿ ಪಾಠ ಹೇಳಬಹುದು, ಒಟ್ಟು ಹುದ್ದೆಗಳ ಹತ್ತು ಪರ್ಸೆಂಟ್ ಒಳಗೆ, ಹೆಚ್ಚೆಂದರೆ ನಾಲ್ಕು ವರ್ಷ. ಒಳ್ಳೆಯ ಯೋಜನೆ. ಆದರೆ ಅದು ದೊಡ್ಡ ಕಂಪನಿಯ ದೊಡ್ಡ ಸಾಹೇಬರಿಗೆ ಕೋಟು ಹಾಕಿ ಕೂರಿಸುವ ಕುರ್ಚಿ ಆಗಬಾರದು ಅಂತ ನನ್ನ ಆಸೆ. ನನ್ನ ಕೈಯಲ್ಲಿದ್ದರೆ ಮೊದಲ ಕುರ್ಚಿ ಪ್ಯಾನ್‌ಮನ್ ಕಾಕಾಗೆ ಕೊಡುತ್ತಿದ್ದೆ. ಅವರು ಬರುತ್ತಿದ್ದರೋ ಇಲ್ಲವೋ, ಅದು ಬೇರೆ.

ಹೋಗುವ ಮನಸ್ಸಿದ್ದವರಿಗೆ ಎರಡು ಮಾತು. ಬೆಳಗಾವಿಯಲ್ಲೇ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಸಕ್ಕರೆ ತಂತ್ರಜ್ಞಾನದ ಕೋರ್ಸುಗಳಿವೆ, ಹೋಗಿ ವಿಚಾರಿಸಿ. ಕೋರ್ಸ್ ಬೇಡ, ನೇರ ಕೆಲಸ ಬೇಕು ಅನ್ನುವವರು ಗಣಪತಿ ಹಬ್ಬದ ಹೊತ್ತಿಗೆ ಅರ್ಜಿ ಹಿಡಿದು ಓಡಾಡಲು ಶುರು ಮಾಡಿ, ಬಾಯ್ಲರ್ ಪೂಜೆ ಆಗಿ ಸೀಜನ್ ಶುರುವಾದ ಮೇಲೆ ಹೋದರೆ ಜಾಗ ಇರುವುದಿಲ್ಲ. ಗೋಕಾಕ, ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ, ಎಲ್ಲಿ ಹೋದರೂ ಆಫೀಸಿನಲ್ಲಿ ಬಯೋಡೇಟಾ ಕೊಟ್ಟು ವಾಪಸ್ ಬರಬೇಡಿ, ಚೀಫ್ ಕೆಮಿಸ್ಟನ್ನು ಭೇಟಿ ಮಾಡಿ. ಸಂಬಳ ಕೇಳುವಾಗ ಸೀಜನ್ ಮುಗಿದ ಮೇಲೆ ಏನು ಕೊಡುತ್ತೀರಿ ಅಂತಲೂ ಕೇಳಿ, ಬಾಯಿಮಾತು ಬೇಡ, ಬರೆದು ತೆಗೆದುಕೊಳ್ಳಿ. ಮತ್ತೆ ಮೊದಲ ವಾರ ನೈಟ್ ಶಿಫ್ಟನ್ನೇ ಕೇಳಿ ಪಡೆಯಿರಿ, ಆಗ ದೊಡ್ಡವರು ಯಾರೂ ಇರುವುದಿಲ್ಲ, ಪ್ಯಾನಿನ ಹತ್ತಿರ ಹೋಗಿ ನಿಂತರೆ ಯಾರೂ ಬೈಯುವುದಿಲ್ಲ.